ಸಿ.ಡಿ. ಓದುವ ಕೆಲಸಕ್ಕೆ ಯಾರ‍್ಯಾರು ಬರುತ್ತಾರೆ?

ಮಕ್ಕಳೇ, ಮನೆಯ ಬೀರುವಿನಲ್ಲೋ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲೋ ಹುಡುಕಿದರೆ ಒಂದು ಹಳೆಯ ಸಿ.ಡಿ. ಸಿಗಬಹುದು. ಭಾವಗೀತೆಯದ್ದಾಗಿರಲಿ, ಚಿಕ್ಕಪ್ಪನ ಮದುವೆಯದ್ದಾಗಿರಲಿ, ಯಾವುದಾದರೂ ಸರಿ. ಅಂಚಿನಲ್ಲಿ ಹಿಡಿದು ಅದರ ಹೊಳೆಯುವ ಮೈಯನ್ನು ಟ್ಯೂಬ್‌ಲೈಟಿನ ಕಡೆಗೆ ಸ್ವಲ್ಪ ಓರೆ ಮಾಡಿ. ಬಿಸಿಲಿಗೆ ಮಾತ್ರ ಹಿಡಿಯಬೇಡಿ, ಸೂರ್ಯನ ಬಿಂಬ ನೇರವಾಗಿ ಕಣ್ಣಿಗೆ ಬಡಿಯುತ್ತದೆ. ಕೆಂಪು, ಹಸಿರು, ನೇರಳೆ ಬಣ್ಣದ ಪಟ್ಟಿಗಳು ಮೈತುಂಬ ಜಾರಾಡುತ್ತವೆ, ಅಲ್ಲವೇ? ಆ ತಟ್ಟೆಗೆ ಯಾರೂ ಬಣ್ಣ ಬಳಿದಿಲ್ಲ. ಹಾಗಾದರೆ ಬಣ್ಣ ಎಲ್ಲಿಂದ ಬಂತು?

ಆ ಮೈಮೇಲೆ ಒಂದು ಸಾಲಿದೆ. ಒಂದೇ ಒಂದು. ನಡುವಿನ ತೂತಿನ ಹತ್ತಿರ ಹೊರಟು, ಸುತ್ತುತ್ತ ಸುತ್ತುತ್ತ ಹೊರಗಿನ ಅಂಚಿನ ತನಕ ಹೋಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವ ಅಂತರ 1.6 ಮೈಕ್ರೋಮೀಟರ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರೋಮೀಟರ್. ನಿಮ್ಮ ತಲೆಗೂದಲಿನ ದಪ್ಪದಲ್ಲಿ ಇಂಥ ಸುಮಾರು ನಲವತ್ತು ಸುತ್ತುಗಳು ಹಿಡಿಸುತ್ತವೆ. ಇಷ್ಟು ಒತ್ತೊತ್ತಾದ ಗೆರೆಗಳ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಪ್ರತಿ ಬಣ್ಣವೂ ಬೇರೆ ಬೇರೆ ಕೋನದಲ್ಲಿ ಹೊರಟುಹೋಗುತ್ತದೆ. ಡಿ.ವಿ.ಡಿ.ಯಲ್ಲಿ ಸುತ್ತುಗಳ ಅಂತರ ಇನ್ನೂ ಕಡಿಮೆ, 0.74 ಮೈಕ್ರೋಮೀಟರ್. ಆದ್ದರಿಂದ ಅದರ ಬಣ್ಣಗಳು ಇನ್ನೂ ಅಗಲಕ್ಕೆ ಹರಡುತ್ತವೆ. ಎರಡೂ ಸಿಕ್ಕಿದರೆ ಪಕ್ಕಪಕ್ಕದಲ್ಲಿ ಹಿಡಿದು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 12 ಸೆಂಟಿಮೀಟರ್ ಅಗಲದ ಈ ತಟ್ಟೆಯ ಸಾಲನ್ನು ಬಿಚ್ಚಿ ನೇರವಾಗಿ ಹಾಸಿದರೆ ಅದು 5 ಕಿಲೋಮೀಟರಿಗೂ ಉದ್ದ.

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ರೂಪಿಸಿದ ಈ ತಟ್ಟೆ 1982ರಲ್ಲಿ ಮಾರುಕಟ್ಟೆಗೆ ಬಂತು. ಅದರ ಸಾಲಿನ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳಿವೆ, ಗುಳಿಗಳ ನಡುವೆ ಸಮತಟ್ಟು ಜಾಗವಿದೆ. ಕಣ್ಣಿಗೆ ಕಾಣದ, 780 ನ್ಯಾನೋಮೀಟರಿನ ಲೇಸರ್ ಬೆಳಕು ಅವುಗಳ ಮೇಲೆ ಹಾಯುತ್ತದೆ. ಸಮತಟ್ಟು ಜಾಗದಿಂದ ಬೆಳಕು ಚೆನ್ನಾಗಿ ಹಿಂದಿರುಗುತ್ತದೆ. ಗುಳಿಯ ಆಳವನ್ನು ಮಾತ್ರ ಎಷ್ಟು ಲೆಕ್ಕಹಾಕಿ ಇಟ್ಟಿದ್ದಾರೆಂದರೆ, ಅಲ್ಲಿಂದ ಹಿಂದಿರುಗುವ ಅಲೆಯ ಉಬ್ಬಿಗೆ ಪಕ್ಕದ ಅಲೆಯ ತಗ್ಗು ಎದುರಾಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ, ಬೆಳಕು ಮಂಕಾಗುತ್ತದೆ. ಬೆಳಕು ಬದಲಾದ ಕಡೆ 1, ಬದಲಾಗದ ಕಡೆ 0. ಹಾಡು, ಚಿತ್ರ, ಪಾಠ ಏನೇ ಇರಲಿ, ತಟ್ಟೆಯ ಮೇಲೆ ಇರುವುದು ಇಷ್ಟೇ. ಚಿಕ್ಕಪ್ಪನ ಮದುವೆಯ ಸಿ.ಡಿ.ಯಂತೆ ಅಂಗಡಿಯಲ್ಲೋ ಮನೆಯಲ್ಲೋ ಬರೆದ ತಟ್ಟೆಗಳಲ್ಲಿ ಗುಳಿ ಇರುವುದಿಲ್ಲ. ಅದರ ಬದಲು ಒಂದು ಬಣ್ಣದ ಪದರದ ಮೇಲೆ ಲೇಸರ್ ಸುಟ್ಟ ಗುರುತುಗಳಿರುತ್ತವೆ. ಓದುವ ಬೆಳಕಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನು ಸ್ವಲ್ಪ ಲೆಕ್ಕ. ಪೆನ್ಸಿಲ್ ತೆಗೆದುಕೊಂಡು ನನ್ನ ಜೊತೆ ಮಾಡಿದರೆ ಇನ್ನೂ ಚೆನ್ನ. ಹಾಡಿನ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಯಾಗಿ ಬರೆದಿರುತ್ತಾರೆ. ಒಂದು 0 ಅಥವಾ 1 ಎಂದರೆ ಒಂದು ಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಎಡಗಿವಿಗೆ 2 ಬೈಟ್, ಬಲಗಿವಿಗೆ 2 ಬೈಟ್, ಅಲ್ಲಿಗೆ ಪ್ರತಿ ಅಳತೆಗೂ 4 ಬೈಟ್. ಒಂದು ಸೆಕೆಂಡಿನ ಹಾಡನ್ನು 75 ತುಂಡು ಮಾಡಿ ಜೋಡಿಸಿಟ್ಟಿರುತ್ತಾರೆ. ಆ ತುಂಡಿಗೆ ಸೆಕ್ಟರ್ ಎನ್ನುತ್ತಾರೆ. 44,100ನ್ನು 75ರಿಂದ ಭಾಗಿಸಿದರೆ 588. ಅದನ್ನು 4ರಿಂದ ಗುಣಿಸಿದರೆ 2,352. ಅಂದರೆ ಒಂದು ಸೆಕ್ಟರಿನಲ್ಲಿ 2,352 ಬೈಟ್‌ಗಳು.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಸೆಕ್ಟರಿನ ಅಳತೆ ಒಂದೇ, ಅದನ್ನು ತುಂಬುವ ರೀತಿ ಬೇರೆ ಬೇರೆ. ಹಾಡಾದರೆ 2,352 ಬೈಟೂ ಹಾಡಿಗೇ. ಪಾಠದ ಫೈಲ್, ಆಟದ ಪ್ರೋಗ್ರಾಮ್ ಮುಂತಾದವು ಆದರೆ 2,048 ಬೈಟ್ ಮಾತ್ರ ವಿಷಯಕ್ಕೆ. ಉಳಿದ ಜಾಗ ‘ಇದು ಎಷ್ಟನೆಯ ಸೆಕ್ಟರ್’ ಎಂಬ ಗುರುತಿಗೂ, ತಪ್ಪು ಕಂಡುಹಿಡಿದು ತಿದ್ದುವ ಹೆಚ್ಚುವರಿ ಸಂಖ್ಯೆಗಳಿಗೂ ಹೋಗುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಬೈಟ್ ತಪ್ಪಿದರೂ ಅದು ಕೆಲಸವನ್ನೇ ಮಾಡದಿರಬಹುದು, ಅದಕ್ಕೆ ಈ ಎಚ್ಚರ. ಮೂರನೆಯದು ವಿ.ಸಿ.ಡಿ., ಅಂದರೆ ವಿಡಿಯೋ ಸಿ.ಡಿ. ನಿಮ್ಮ ಅಪ್ಪ ಅಮ್ಮನನ್ನು ಕೇಳಿ. 2000ರ ಆಸುಪಾಸಿನಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಕನ್ನಡ ಸಿನಿಮಾಗಳು ಎರಡು ಮೂರು ತಟ್ಟೆಗಳ ಕಟ್ಟಾಗಿ ಸಿಗುತ್ತಿದ್ದವು. ವಿ.ಸಿ.ಡಿ.ಯ ಸಿನಿಮಾ ಇರುವ ಸೆಕ್ಟರಿನಲ್ಲಿ 2,324 ಬೈಟ್ ಚಿತ್ರಕ್ಕೆ. ತಿದ್ದುವ ಸಂಖ್ಯೆಗಳನ್ನು ಅಲ್ಲಿ ಬಿಟ್ಟುಬಿಟ್ಟಿದ್ದಾರೆ. ಸಿನಿಮಾದಲ್ಲಿ ಒಂದೆರಡು ಬೈಟ್ ತಪ್ಪಿದರೆ ಪರದೆಯ ಮೇಲೆ ಚೌಕ ಚೌಕ ಕಲೆ ಮೂಡಿ ಮಾಯವಾಗುತ್ತದೆ, ಕಥೆಯೇನೂ ನಿಲ್ಲುವುದಿಲ್ಲ. ಜಾಗ ಉಳಿಸಿದ್ದರಿಂದ ಸಿಕ್ಕ ಲಾಭ ಎಷ್ಟು? 74 ನಿಮಿಷದ ತಟ್ಟೆಯಲ್ಲಿ 3,33,000 ಸೆಕ್ಟರ್‌ಗಳಿವೆ. ಅದನ್ನು 2,048ರಿಂದ ಒಮ್ಮೆ, 2,324ರಿಂದ ಒಮ್ಮೆ ಗುಣಿಸಿ ನೋಡಿ. ಒಂಬತ್ತು ಕೋಟಿಗೂ ಹೆಚ್ಚು ಬೈಟ್ ವ್ಯತ್ಯಾಸ ಬರುತ್ತದೆ!

ಈಗ ಕಂಪ್ಯೂಟರಿನ ಕಷ್ಟ ನೋಡಿ. ಲಿನಕ್ಸ್ ಕಂಪ್ಯೂಟರಿನಲ್ಲಿ ವಿ.ಸಿ.ಡಿ. ಹಾಕಿ, ಅದರೊಳಗಿನ ಸಿನಿಮಾ ಫೈಲನ್ನು ಮಾಮೂಲಿ ಫೈಲಿನಂತೆ ನಕಲು ಮಾಡಲು ಹೋದರೆ ಅದು ತಪ್ಪು ತೋರಿಸಿ ನಿಂತುಬಿಡುತ್ತದೆ. ತಟ್ಟೆ ಹಾಳಾಗಿಲ್ಲ. ಕಂಪ್ಯೂಟರ್ 2,048ರ ಲೆಕ್ಕದಲ್ಲಿ ಕೇಳುತ್ತಿದೆ, ತಟ್ಟೆಯಲ್ಲಿರುವುದು 2,324ರ ಲೆಕ್ಕ. ಓದುವವರಿಗೆ ತುಂಬಿದ ರೀತಿ ಗೊತ್ತಿರಲೇಬೇಕು. ಸಾಲದ್ದಕ್ಕೆ, ಲಿನಕ್ಸ್, ವಿಂಡೋಸ್, ಮ್ಯಾಕ್, ಫ್ರೀಬಿಎಸ್‌ಡಿ ಮುಂತಾದ ಕಂಪ್ಯೂಟರ್ ನಡೆಸುವ ವ್ಯವಸ್ಥೆಗಳು ತಟ್ಟೆ ಓದುವ ಡ್ರೈವಿನ ಜೊತೆ ಮಾತಾಡುವ ರೀತಿಯೂ ಬೇರೆ ಬೇರೆ. ಹಾಡು ನುಡಿಸುವ ತಂತ್ರಾಂಶ ಬರೆಯುವವರು, ಸಿನಿಮಾ ತೋರಿಸುವ ತಂತ್ರಾಂಶ ಬರೆಯುವವರು, ನಕಲು ಮಾಡುವ ತಂತ್ರಾಂಶ ಬರೆಯುವವರು ಎಲ್ಲರೂ ಇದನ್ನೆಲ್ಲ ಮೊದಲಿನಿಂದ ಕಲಿತು ಬರೆಯಬೇಕಾದರೆ ಎಷ್ಟು ಶ್ರಮ!

ಅದಕ್ಕಾಗಿಯೇ ಲಿಬ್‌ಸಿಡಿಐಒ ಎಂಬ ತಂತ್ರಾಂಶ ಲೈಬ್ರರಿ ಇದೆ. ವಿ.ಸಿ.ಡಿ. ತಯಾರಿಸುವ ಇನ್ನೊಂದು ತಂತ್ರಾಂಶದ ಒಳಗಿದ್ದ ಕೋಡಿನಿಂದ ಬೆಳೆದು ಬಂದದ್ದು ಇದು. ರಾಕಿ ಬರ್ನ್‌ಸ್ಟೀನ್ ಎಂಬುವರು ಇದನ್ನು ಕಟ್ಟಿ ವರ್ಷಗಳ ಕಾಲ ನೋಡಿಕೊಂಡಿದ್ದಾರೆ. ಮುಕ್ತ ತಂತ್ರಾಂಶಗಳ ಗ್ನೂ ಯೋಜನೆಯ ಭಾಗವಾದ್ದರಿಂದ ಯಾರು ಬೇಕಾದರೂ ಇದನ್ನು ಬಳಸಬಹುದು, ಒಳಗೆ ಹೇಗಿದೆ ಎಂದು ತೆರೆದು ಓದಬಹುದು, ತಿದ್ದಲೂಬಹುದು. ಲೈಬ್ರರಿಯನ್ನು ನೀವು ನೇರವಾಗಿ ಕ್ಲಿಕ್ ಮಾಡಿ ತೆರೆಯಲಾಗುವುದಿಲ್ಲ, ಅದಕ್ಕೆ ಕಿಟಕಿಯೂ ಇಲ್ಲ, ಗುಂಡಿಗಳೂ ಇಲ್ಲ. ಬೇರೆ ತಂತ್ರಾಂಶಗಳು ಅದನ್ನು ಕರೆಯುತ್ತವೆ. ‘ಈ ತಟ್ಟೆಯ ಮೊದಲ ಹಾಡಿನ ಸಂಖ್ಯೆ ಎಷ್ಟು?’, ‘ಇಷ್ಟನೆಯ ಸೆಕ್ಟರಿನಿಂದ ಹಾಡನ್ನು ಓದಿಕೊಡು’, ‘ಇದನ್ನು ವಿ.ಸಿ.ಡಿ. ರೀತಿಯಲ್ಲಿ ಓದಿಕೊಡು’ ಎಂದು ಕೇಳುತ್ತವೆ. ಒಂದೊಂದು ಕೇಳಿಕೆಗೂ ಲಿಬ್‌ಸಿಡಿಐಒದಲ್ಲಿ ಒಂದೊಂದು ಸಿದ್ಧ ಕಾರ್ಯವಿದೆ. ಇದರ ಸೋದರ ಲೈಬ್ರರಿ ಪ್ಯಾರನೋಯಾ. ಗೀಚಿಹೋದ ಹಾಡಿನ ತಟ್ಟೆ ಸಿಕ್ಕರೆ ಅದು ಒಂದೇ ಭಾಗವನ್ನು ಮತ್ತೆ ಮತ್ತೆ, ಹಿಂದಿನ ಓದಿನ ಮೇಲೆ ಸ್ವಲ್ಪ ಏರುವಂತೆ ಓದಿ, ಎರಡೂ ಹೊಂದುತ್ತವೆಯೇ ಎಂದು ತಾಳೆ ನೋಡುತ್ತದೆ. ಹೊಂದುವವರೆಗೆ ಸುಲಭಕ್ಕೆ ಬಿಡುವುದಿಲ್ಲ. ಅಜ್ಜಿಯ ಕಾಲದ ತಟ್ಟೆಯಿಂದ ಒಂದು ಹಾಡು ಉಳಿಸಿಕೊಳ್ಳಬೇಕಾದಾಗ ಇಂಥ ತಾಳ್ಮೆಯ ಬೆಲೆ ಗೊತ್ತಾಗುತ್ತದೆ.

ಸರಿ, ಈ ಲೈಬ್ರರಿ ನಿಮ್ಮ ಕಂಪ್ಯೂಟರಿಗೆ ಬರುವುದು ಹೇಗೆ? ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ನೋಡೋಣ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಅದನ್ನು ಶುರುಮಾಡಿದರು. ನಿಮ್ಮಲ್ಲಿ ಕೆಲವರು ಕೇಳಿರಬಹುದಾದ ಉಬುಂಟು ಹುಟ್ಟಿದ್ದೂ ಇದರಿಂದಲೇ, ಆದ್ದರಿಂದ ಅಲ್ಲೂ ಇದೇ ವಿಧಾನ. ಡೆಬಿಯನ್ ಉಗ್ರಾಣದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ರತಿ ಪ್ಯಾಕೇಜೂ ಒಂದು ಫೈಲು. ಅದರೊಳಗೆ ಮುಖ್ಯವಾಗಿ ಎರಡು ಗಂಟುಗಳು: ಒಂದರಲ್ಲಿ ನಿಜವಾದ ಸಾಮಾನು, ಇನ್ನೊಂದರಲ್ಲಿ ‘ನನ್ನ ಹೆಸರು ಇದು, ನನ್ನ ಆವೃತ್ತಿ ಇದು, ನಾನು ಕೆಲಸ ಮಾಡಲು ಇಂಥಿಂಥವರು ಜೊತೆಗಿರಬೇಕು’ ಎಂಬ ವಿವರ. ಇವುಗಳನ್ನು ತರುವ, ಜೋಡಿಸುವ, ತೆಗೆಯುವ ಕೆಲಸ ಮಾಡುವುದಕ್ಕೆ ಆಪ್ಟ್ ಎಂದು ಹೆಸರು. ಅದಕ್ಕೆ ಚಿತ್ರಗಳಿಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ಆದೇಶ ಬರೆದು ಎಂಟರ್ ಒತ್ತಬೇಕು. ಆದೇಶಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯುತ್ತಾರೆ. ನಾನು ಇಲ್ಲಿ ಅವುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆಯುತ್ತೇನೆ.

ಮೊದಲು ‘ಆಪ್ಟ್ ಅಪ್‌ಡೇಟ್’. ಇದರಿಂದ ತಂತ್ರಾಂಶ ಯಾವುದೂ ಹೊಸದಾಗುವುದಿಲ್ಲ, ದೊಡ್ಡವರಲ್ಲೂ ಎಷ್ಟೋ ಜನ ಹಾಗೆಂದುಕೊಂಡಿರುತ್ತಾರೆ. ಉಗ್ರಾಣದಲ್ಲಿ ಈಗ ಏನೇನಿದೆ ಎಂಬ ಪಟ್ಟಿಯಷ್ಟೇ ಹೊಸದಾಗಿ ಬರುತ್ತದೆ. ಆಮೇಲೆ ‘ಆಪ್ಟ್ ಶೋ ಲಿಬ್‌ಸಿಡಿಐಒ-ಯುಟಿಲ್ಸ್’ ಎಂದರೆ, ಆ ಪ್ಯಾಕೇಜಿನ ವಿವರ ಓದಿ ಹೇಳುತ್ತದೆ. ತಟ್ಟೆಯ ಬಗ್ಗೆ ತಿಳಿಸುವ ‘ಸಿಡಿ-ಇನ್ಫೋ’, ಫೈಲುಗಳನ್ನು ಹೊರತೆಗೆಯುವ ‘ಐಎಸ್‌ಒ-ರೀಡ್’ ಮುಂತಾದ ಪುಟ್ಟ ಉಪಕರಣಗಳ ಕಟ್ಟು ಇದು. ಬೇಕು ಎನಿಸಿದರೆ ‘ಆಪ್ಟ್ ಇನ್‌ಸ್ಟಾಲ್ ಲಿಬ್‌ಸಿಡಿಐಒ-ಯುಟಿಲ್ಸ್’. ಇದರ ಆರಂಭದಲ್ಲೂ, ಮೊದಲಿನ ‘ಆಪ್ಟ್ ಅಪ್‌ಡೇಟ್’ ಆರಂಭದಲ್ಲೂ ‘ಸುಡೊ’ ಎಂಬ ಪದ ಸೇರಿಸಿ ಗುಪ್ತಪದ ಕೊಡಬೇಕಾಗುತ್ತದೆ. ಇಡೀ ಕಂಪ್ಯೂಟರಿಗೆ ತಾಗುವ ಕೆಲಸವಾದ್ದರಿಂದ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಆಪ್ಟ್ ತಕ್ಷಣ ಓಡುವುದಿಲ್ಲ. ಮೊದಲು ಯೋಚಿಸುತ್ತದೆ. ಈ ಉಪಕರಣಗಳಿಗೆ ಲಿಬ್‌ಸಿಡಿಐಒ ಬೇಕು. ಫೈಲುಗಳ ತಟ್ಟೆ ಓದಲು ಲಿಬ್‌ಐಎಸ್‌ಒ9660 ಬೇಕು. ಅವೆರಡಕ್ಕೂ ‘ಸಿ’ ಭಾಷೆಯ ಮೂಲ ಲೈಬ್ರರಿ ಬೇಕು, ಅದು ಆಗಲೇ ಇದೆ. ಹೀಗೆ ಒಂದರ ಹಿಂದೆ ಒಂದನ್ನು ಹುಡುಕುತ್ತ ಹೋಗಿ, ಇಲ್ಲದವನ್ನೆಲ್ಲ ಪಟ್ಟಿಮಾಡಿ ನಿಮ್ಮ ಮುಂದಿಡುತ್ತದೆ. ಇಂಥವು ಜೊತೆಗೆ ಬರುತ್ತವೆ, ಇಷ್ಟು ಇಳಿಸಿಕೊಳ್ಳಬೇಕು, ಡಿಸ್ಕಿನಲ್ಲಿ ಇಷ್ಟು ಜಾಗ ಹಿಡಿಯುತ್ತದೆ, ಮುಂದುವರಿಯಲೇ? ಎಂದು ಕೇಳುತ್ತದೆ. ಅಲ್ಲಿ ‘ವೈ’ ಎಂಬ ಅಕ್ಷರ ದೊಡ್ಡದಾಗಿರುತ್ತದೆ, ‘ಎನ್’ ಚಿಕ್ಕದಾಗಿರುತ್ತದೆ. ಏನೂ ಬರೆಯದೆ ಎಂಟರ್ ಒತ್ತಿದರೂ ‘ಹೌದು’ ಎಂದೇ ಅರ್ಥ ಎಂದು ಆ ದೊಡ್ಡ ಅಕ್ಷರ ಹೇಳುತ್ತಿದೆ. ಆದ್ದರಿಂದ ಪಟ್ಟಿ ಓದಿದ ಮೇಲೆಯೇ ಬೆರಳು ಎಂಟರಿನ ಮೇಲೆ ಹೋಗಲಿ. ಮುಖ್ಯವಾಗಿ, ಏನಾದರೂ ತೆಗೆದುಹಾಕಲಾಗುತ್ತದೆ ಎಂದಿದ್ದರೆ ಆ ಸಾಲನ್ನು ಎರಡು ಸಲ ಓದಿ. ಇಷ್ಟು ಸ್ಪಷ್ಟವಾಗಿ ಮೊದಲೇ ಹೇಳಿ ಒಪ್ಪಿಗೆ ಕೇಳುವ ತಂತ್ರಾಂಶವನ್ನು ನಾನು ಗೌರವಿಸುತ್ತೇನೆ. ಕೇಳಿದ್ದನ್ನು ಓದದೆ ಒಪ್ಪಿಕೊಂಡರೆ ಆ ಸ್ಪಷ್ಟತೆಯೆಲ್ಲ ವ್ಯರ್ಥ.

‘ದಾರಿಯಲ್ಲಿ ಯಾರಾದರೂ ಪ್ಯಾಕೇಜನ್ನು ಬದಲಾಯಿಸಿದರೆ?’ ಒಳ್ಳೆಯ ಪ್ರಶ್ನೆ. ಪ್ರತಿ ಪ್ಯಾಕೇಜಿನಿಂದಲೂ ಎಸ್‌ಎಚ್‌ಎ-256 ಎಂಬ ಲೆಕ್ಕದ ಮೂಲಕ 64 ಅಕ್ಷರಗಳ ಒಂದು ಬೆರಳಚ್ಚು ತೆಗೆದಿರುತ್ತಾರೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಬೆರಳಚ್ಚುಗಳ ಪಟ್ಟಿಯ ಮೇಲೆ ಡೆಬಿಯನ್ನಿನ ಗಣಿತದ ರುಜು ಇರುತ್ತದೆ. ಆಪ್ಟ್ ರುಜುವನ್ನೂ ನೋಡುತ್ತದೆ, ಬಂದ ಫೈಲಿನ ಬೆರಳಚ್ಚನ್ನೂ ತಾನೇ ಲೆಕ್ಕಹಾಕಿ ತಾಳೆ ನೋಡುತ್ತದೆ. ಹೊಂದದಿದ್ದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕೆಲಸ ಮುಗಿದ ಮೇಲೆ ಬಂದವರ ಹೆಸರು ನೋಡಿದರೆ, 2023ರಲ್ಲಿ ಬಂದ 12ನೆಯ ಡೆಬಿಯನ್ನಿನಲ್ಲಿ ಆ ಲೈಬ್ರರಿಯ ಹೆಸರು ಬರೀ ಲಿಬ್‌ಸಿಡಿಐಒ ಅಲ್ಲ, ‘ಲಿಬ್‌ಸಿಡಿಐಒ19’. ಹಿಂದಿನ ಒಂದು ಡೆಬಿಯನ್ನಿನಲ್ಲಿ 18 ಇತ್ತು. ಹೆಸರಿಗೆ ಈ ಸಂಖ್ಯೆಯ ಬಾಲ ಏಕೆ? ಬೇರೆ ತಂತ್ರಾಂಶಗಳು ಲೈಬ್ರರಿಯನ್ನು ಕರೆಯುವುದಕ್ಕೆ ಒಂದು ಗೊತ್ತಾದ ರೀತಿ ಇರುತ್ತದೆ: ಎಷ್ಟು ಸಂಖ್ಯೆ ಕೊಡಬೇಕು, ಯಾವ ಕ್ರಮದಲ್ಲಿ ಕೊಡಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ ಎಂದು. ಲೈಬ್ರರಿಯವರು ಆ ರೀತಿಯನ್ನೇ ಬದಲಾಯಿಸಿದರೆ ಹಳೆಯ ತಂತ್ರಾಂಶಗಳಿಗೆ ತಬ್ಬಿಬ್ಬಾಗುತ್ತದೆ. ಆಗ ಸಂಖ್ಯೆಯನ್ನು ಏರಿಸುತ್ತಾರೆ. ಹೆಸರು ಬೇರೆಯಾದ್ದರಿಂದ 18 ಮತ್ತು 19 ಎರಡೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇರಬಹುದು. ಹಳಬರು ಹಳೆಯದನ್ನು ಕರೆಯುತ್ತಾರೆ, ಹೊಸಬರು ಹೊಸದನ್ನು. ಒಳಗಿನ ತಪ್ಪೊಂದನ್ನು ತಿದ್ದಿದ್ದಷ್ಟೇ ಆಗಿ, ಕರೆಯುವ ರೀತಿ ಹಾಗೇ ಇದ್ದರೆ ಸಂಖ್ಯೆ ಏರುವುದಿಲ್ಲ. ‘ಆಪ್ಟ್ ಅಪ್‌ಗ್ರೇಡ್’ ಎಂದಾಗ ತಿದ್ದಿದ ಆವೃತ್ತಿ ಬಂದು ಕೂರುತ್ತದೆ, ಅದನ್ನು ಬಳಸುವ ಎಲ್ಲ ತಂತ್ರಾಂಶಗಳಿಗೂ ಒಂದೇ ಏಟಿಗೆ ಲಾಭ.

2025ರ 13ನೆಯ ಡೆಬಿಯನ್ನಿನಲ್ಲಿ ಆ ಬಾಲ ಇನ್ನೂ ಉದ್ದವಾಯಿತು: ‘ಲಿಬ್‌ಸಿಡಿಐಒ19ಟಿ64’. ಇದರ ಹಿಂದೆ ಸೊಗಸಾದ ಕಾರಣವಿದೆ. ಕಂಪ್ಯೂಟರುಗಳು ಸಮಯವನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಎಂದು ಎಣಿಸುತ್ತವೆ. ಹಳೆಯ ರೀತಿಯಲ್ಲಿ ಆ ಎಣಿಕೆಗೆ 32 ಬಿಟ್ ಜಾಗ ಕೊಟ್ಟಿದ್ದರು. 2038ರ ಜನವರಿ 19ರಂದು ಆ ಜಾಗ ತುಂಬಿಹೋಗುತ್ತದೆ. ಅದಕ್ಕಾಗಿ 64 ಬಿಟ್ ಜಾಗ ಕೊಡುವಂತೆ ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಿದರು, ಗುರುತಿಗೆಂದು ಲೈಬ್ರರಿಗಳ ಹೆಸರಿಗೆ ‘ಟಿ64’ ಸೇರಿಸಿದರು. ಸಿ.ಡಿ. ಓದುವ ಲೈಬ್ರರಿಗೆ 2038ರ ಚಿಂತೆ ಏಕೆ ಎನ್ನಬೇಡಿ. ತಟ್ಟೆಯ ಮೇಲಿನ ಪ್ರತಿ ಫೈಲಿಗೂ ತಾರೀಖು ಇರುತ್ತದಲ್ಲ!

ಇನ್ನು ತೆಗೆಯುವ ಮಾತು. ‘ನಮ್ಮ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಡ್ರೈವೇ ಇಲ್ಲ, ಈ ಲೈಬ್ರರಿ ಏಕೆ ಬೇಕು, ತೆಗೆದುಬಿಡೋಣ’ ಎಂದು ನಿಮಗನಿಸಬಹುದು. ಊರಿನ ಸೇದುವ ಬಾವಿಗೆ ಒಂದು ರಾಟೆ ಇದೆಯೆನ್ನಿ. ನಿಮ್ಮ ಮನೆಗೆ ನಲ್ಲಿ ಬಂತೆಂದು ರಾಟೆ ಬಿಚ್ಚುವ ಮೊದಲು ಇನ್ನೂ ಯಾರ‍್ಯಾರು ಅಲ್ಲಿ ನೀರು ಸೇದುತ್ತಾರೆ ಎಂದು ಕೇಳಬೇಕಲ್ಲವೇ? ಆಪ್ಟ್‌ನಲ್ಲಿ ಹಾಗೆ ಕೇಳಲು ‘ಆಪ್ಟ್ ಆರ್‌ಡಿಪೆಂಡ್ಸ್’ ಎಂಬ ಆದೇಶವಿದೆ. ಅದರ ಮುಂದೆ ಲೈಬ್ರರಿಯ ಹೆಸರು ಬರೆದರೆ ಅದನ್ನು ನಂಬಿಕೊಂಡವರ ಪಟ್ಟಿ ಬರುತ್ತದೆ. ಲಿಬ್‌ಸಿಡಿಐಒದ ಮೇಲೆ ಪ್ಯಾರನೋಯಾ ನಿಂತಿದೆ. ಪ್ಯಾರನೋಯಾದ ಮೇಲೆ ಫೈಲುಗಳನ್ನು ತೋರಿಸುವ ಕಿಟಕಿಗೆ ನೆರವಾಗುವ ಪ್ಯಾಕೇಜೊಂದು ನಿಂತಿದೆ. ವಿಡಿಯೋ ಕೆಲಸಗಳಲ್ಲಿ ಎಲ್ಲೆಲ್ಲೂ ಬಳಕೆಯಾಗುವ ಎಫ್‌ಎಫ್‌ಎಂಪೆಗ್‌ನ ಒಂದು ಭಾಗವೂ ನಿಂತಿದೆ. ಡ್ರೈವ್ ಇಲ್ಲದ ಕಂಪ್ಯೂಟರಿನಲ್ಲೂ ಈ ಲೈಬ್ರರಿ ಇರುವುದು ಇದಕ್ಕೇ. ‘ಆಪ್ಟ್ ರಿಮೂವ್’ ಎಂದು ಅದನ್ನು ತೆಗೆಯಹೊರಟರೆ, ಅದರ ಜೊತೆ ಇವೂ ಹೋಗುತ್ತವೆ ಎಂದು ಆಪ್ಟ್ ಪಟ್ಟಿ ಹಾಕುತ್ತದೆ. ಅಲ್ಲಿ ‘ಎನ್’ ಒತ್ತಿ ಹಿಂದೆ ಬನ್ನಿ.

ನೀವು ಹಾಕಿಸಿದ ಉಪಕರಣಗಳನ್ನು ಮಾತ್ರ ತೆಗೆದರೆ ತೊಂದರೆಯಿಲ್ಲ. ನೀವು ಹೆಸರು ಹೇಳಿ ಕರೆದದ್ದು ಯಾವುದು, ಅದರ ಜೊತೆಗಾರನಾಗಿ ತಾನಾಗಿ ಬಂದದ್ದು ಯಾವುದು ಎಂದು ಆಪ್ಟ್ ಬೇರೆ ಬೇರೆ ಗುರುತು ಹಾಕಿಟ್ಟಿರುತ್ತದೆ. ಆಮೇಲೆ ‘ಆಪ್ಟ್ ಆಟೋರಿಮೂವ್’ ಎಂದರೆ, ತಾನಾಗಿ ಬಂದು ಈಗ ಯಾರಿಗೂ ಬೇಡವಾದವನ್ನು ಮಾತ್ರ ತೋರಿಸಿ, ನಿಮ್ಮನ್ನು ಕೇಳಿ, ತೆಗೆಯುತ್ತದೆ.

ನಮ್ಮ ಕನ್ನಡಕ್ಕೂ ಈ ಉಗ್ರಾಣದಲ್ಲಿ ಪ್ಯಾಕೇಜಿದೆ. ‘ಫಾಂಟ್ಸ್-ಕೆಎನ್‌ಡಿಎ’ ಎಂದು ಹೆಸರು. ಅದನ್ನು ಬಿಚ್ಚಿದರೆ ಒಳಗೆ ಅಕ್ಷರಗಳೇ ಇರುವುದಿಲ್ಲ! ‘ನನ್ನ ಜೊತೆ ನವಿಲು ಬರಲಿ, ಗುಬ್ಬಿ ಬರಲಿ’ ಎಂಬ ಪಟ್ಟಿಯಷ್ಟೇ ಇದೆ. ನವಿಲು, ಗುಬ್ಬಿ ಎಂದರೆ ಎರಡು ಕನ್ನಡ ಅಕ್ಷರವಿನ್ಯಾಸಗಳು. ಪಟ್ಟಿಯೇ ಒಂದು ಪ್ಯಾಕೇಜ್ ಆಗಬಹುದು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಬೇರೆ ಕಾಣದು. ಪ್ರಾಣಿಪಕ್ಷಿಗಳ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಟರ್ಮಿನಲ್ಲಿನಲ್ಲಿ ‘ಆಪ್ಟ್ ಮೂ’ ಎಂದು ಬರೆದು ಎಂಟರ್ ಒತ್ತಿ. ಅಕ್ಷರಗಳಿಂದಲೇ ಬಿಡಿಸಿದ ಒಂದು ಹಸು ಬಂದು ನಿಲ್ಲುತ್ತದೆ. ಅದಕ್ಕೆ ಗುಪ್ತಪದವೂ ಬೇಡ, ಯಾರ ಒಪ್ಪಿಗೆಯೂ ಬೇಡ.

ಡ್ರೈವ್ ಇಲ್ಲದವರೂ ಮಾಡಿ ನೋಡಬಹುದಾದ ಕೆಲಸ ಒಂದಿದೆ. ಡೆಬಿಯನ್ನನ್ನು ಹೊಸ ಕಂಪ್ಯೂಟರಿಗೆ ಹಾಕಲು ಬಳಸುವ ತಟ್ಟೆಯ ಪ್ರತಿರೂಪ ಐಎಸ್‌ಒ ಎಂಬ ಫೈಲಾಗಿ ಉಚಿತವಾಗಿ ಸಿಗುತ್ತದೆ. ಇಡೀ ತಟ್ಟೆಯೇ ಒಂದು ಫೈಲಿನಲ್ಲಿ, 2,048 ಬೈಟ್‌ಗಳ ಸೆಕ್ಟರುಗಳ ಸಮೇತ ಇರುತ್ತದೆ. ಲಿಬ್‌ಸಿಡಿಐಒಗೆ ನಿಜವಾದ ತಟ್ಟೆಯೂ ಒಂದೇ, ಈ ಫೈಲೂ ಒಂದೇ. ‘ಐಎಸ್‌ಒ-ಇನ್ಫೋ’ ಉಪಕರಣಕ್ಕೆ ಅದನ್ನು ಕೊಟ್ಟು ಪಟ್ಟಿ ಕೇಳಿದರೆ ಉದ್ದಕ್ಕೆ ಹೆಸರುಗಳು ಇಳಿಯುತ್ತವೆ. ಅದರಲ್ಲಿ ‘ಪೂಲ್’ ಎಂಬ ಕೋಶ ಹುಡುಕಿ, ಅದರೊಳಗೆ ‘ಮೇನ್’, ಅದರೊಳಗೆ ‘ಎ’ ಅಕ್ಷರ. ಅಲ್ಲಿ ಆಪ್ಟ್‌ನದೇ ಪ್ಯಾಕೇಜ್ ಕೂತಿರುತ್ತದೆ. ‘ಐಎಸ್‌ಒ-ರೀಡ್’ ಬಳಸಿ ಆ ಒಂದು ಫೈಲನ್ನು ಹೊರಗೆ ತೆಗೆಯಬಹುದು. ಆಪ್ಟ್ ತಂದುಕೊಟ್ಟ ಉಪಕರಣದಿಂದಲೇ ನೀವು ಆಪ್ಟನ್ನು ತಟ್ಟೆಯಿಂದ ಎತ್ತಿದಂತಾಯಿತು.